ಕಣ್ಣಳತೆಯ ಜಾಕೆಟ್

ಸೀಟಿಯನ್ನು ಎಡಗಡೆಗೆ ಕಟ್ಟಬೇಕೋ ಬಲಗಡೆಗೆ ಕಟ್ಟಬೇಕೋ ಎಂಬ ಮಹತ್ತರವಾದ ಪ್ರಶ್ನೆ ಇತ್ಯರ್ಥವಾಗದೆ, ಆ ಬೀದಿಯಲ್ಲಿ ಎರಡು ದಿನದಿಂದ ಯಾರ ಪ್ಯಾಂಟೂ ಹೊಲಿಗೆ ಕಂಡಿರಲಿಲ್ಲ. ಬೀದಿಗಿದ್ದ ಒಬ್ಬನೇ ದರ್ಜಿ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು, ಕತ್ತರಿಸುವ ಮೇಜಿನ ಮೇಲೆ ಕಿತ್ತಳೆ ಬಣ್ಣದ ಎರಡು ಲೈಫ್ ಜಾಕೆಟ್‌ಗಳನ್ನು ಮಲಗಿಸಿಕೊಂಡು ಧ್ಯಾನಸ್ಥನಾಗಿದ್ದ. ದೊಡ್ಡದು ಅವನದು, ಚಿಕ್ಕದು ಮಗಳದು. ಸೀಟಿ ಎಡಕ್ಕಿದ್ದರೆ ಬಲಗೈಗೆ ಸಲೀಸು. ಆದರೆ ಮಗಳು ಚಿಕ್ಕವಳಿದ್ದಾಗ ಎಡಚಿ. ಈಗಲೂ ಎಡಚಿಯೇ? ಶಾಲೆಯವರು ತಿದ್ದಿರಬಹುದೇ? ಅಳೆದೂ ಸುರಿದೂ ಕೊನೆಗೆ ಎರಡು ಜಾಕೆಟ್ಟಿಗೂ ಎರಡೂ ಕಡೆ ಒಂದೊಂದು ಕಟ್ಟಿದ.

ಇಷ್ಟು ಅನುಮಾನದ ಮನುಷ್ಯನಿಗೆ ಅಳತೆಯ ವಿಷಯದಲ್ಲಿ ಮಾತ್ರ ಅನುಮಾನವೆಂಬುದೇ ಇರಲಿಲ್ಲ. ಬೀದಿಯವರು ಅವನನ್ನು ಕರೆಯುತ್ತಿದ್ದುದೇ ಕಣ್ಣಳತೆ ಮಾಸ್ತರು ಎಂದು. ಕೊರಳಲ್ಲಿ ಟೇಪು ನೇತಾಡುತ್ತಿದ್ದದ್ದು ಬರೀ ಅಲಂಕಾರಕ್ಕೆ. ಗಿರಾಕಿ ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವನ ಭುಜ, ತೋಳು, ಕದ್ದುಮುಚ್ಚಿ ಬೆಳೆಸಿಕೊಂಡ ಹೊಟ್ಟೆ ಎಲ್ಲವೂ ಮಾಸ್ತರನ ತಲೆಯಲ್ಲಿ ದಾಖಲಾಗಿಬಿಡುತ್ತಿದ್ದವು.

ಐದು ವರ್ಷದ ಹಿಂದೆ ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿದ್ದಳು. ಜಗಳವೇನೂ ಆಗಿರಲಿಲ್ಲ. ದರ್ಜಿಯ ಬಾಯಲ್ಲಿ ‘ನಾಳೆ’ ಎಂಬ ಮಾತಿಗೆ ಏನು ಬೆಲೆ ಎಂಬುದು ಗಿರಾಕಿಗಳಿಗೆಲ್ಲ ಗೊತ್ತು. ಅವಳು ಗಿರಾಕಿಯಲ್ಲ, ಹೆಂಡತಿ. ನಾಳೆ ಸಿನಿಮಾ, ನಾಳೆ ಡಾಕ್ಟರು, ನಾಳೆ ಅಮ್ಮನ ಮನೆ ಎಂದು ಕೇಳಿ ಕೇಳಿ ಒಂದು ದಿನ ಇವತ್ತೇ ಹೊರಟುಬಿಟ್ಟಳು. ಆಮೇಲೆ ಉಳಿದದ್ದು ಭಾನುವಾರದ ಫೋನು. ಊಟ ಆಯ್ತಾ, ಆಯ್ತು, ಓದ್ತಿದೀಯಾ, ಓದ್ತಿದೀನಿ. ಫೋನಿನಲ್ಲಿ ದನಿ ಬರುತ್ತದೆ, ಭುಜದ ಅಗಲ ಬರುವುದಿಲ್ಲ.

ಈಗ ತಾಯಿ ಮಗಳು ನೆಂಟರ ಮನೆಗೆಂದು ಊರಿಗೆ ಬಂದಿದ್ದರು. ಒಂದು ಮಧ್ಯಾಹ್ನ ಅಪ್ಪನ ಪಾಲಿಗೆ ಸಿಕ್ಕಿತ್ತು. ಏನು ಮಾಡೋಣ ಎಂದರೆ ಮಗಳು, “ಕೆರೇಲಿ ದೋಣಿ ಹತ್ತೋಣಪ್ಪಾ, ನಾವಿಬ್ರೇ” ಎಂದಿದ್ದಳು. ಕೂಡಲೇ ತಾಯಿ ಫೋನು ಕಿತ್ತುಕೊಂಡಿದ್ದಳು.

“ಜಾಕೆಟ್ ಇದ್ರೆ ಮಾತ್ರ. ಅವಳಿಗೊಂದೇ ಅಲ್ಲ, ನಿಮಗೂ. ನೀವು ಮುಳುಗಿದ್ರೆ ಅವಳು ಎತ್ತೋಕೆ ಹೋಗ್ತಾಳೆ, ನಂಗೊತ್ತು. ಮಾತು ಕೊಡಿ.”

“ಕೊಟ್ಟೆ.”

“ಅಂಗಡೀಲಿ ಕೊಡೋ ಮಾತಲ್ಲ.”

“ಅಲ್ಲ ಮಾರಾಯ್ತಿ.”

ಹೀಗಾಗಿ ಜಾಕೆಟ್‌ಗಳು ಬಂದವು. ಸಡಿಲವಾದ ಜಾಕೆಟ್ ನೀರಲ್ಲಿ ಮೇಲೇರಿ ಕಿವಿಗೆ ಬರುತ್ತದೆ, ಬಿಗಿಯಾಗಿರಬೇಕು ಎಂದು ಅವನ್ನು ಮಾರಿದ ಅಂಗಡಿಯವನು ಹೇಳಿದ್ದ. ಬೇರೆ ಯಾರಾದರೂ ಆಗಿದ್ದರೆ ಬೆಲ್ಟನ್ನು ಎಳೆದು ಬಿಗಿ ಮಾಡಿಕೊಳ್ಳುತ್ತಿದ್ದರು. ಮಾಸ್ತರ ಕಸುಬುದಾರ. ಮಗಳ ಅಳತೆಯನ್ನು ಕಣ್ಣು ಮುಚ್ಚಿ ನೆನೆದ, ಬೆಳೆಯುವ ಹುಡುಗಿಯೆಂದು ನಾಲ್ಕು ಬೆರಳು ಧಾರಾಳವಾಗಿ ಸೇರಿಸಿದ, ಮಿಕ್ಕ ಬೆಲ್ಟನ್ನು ಕತ್ತರಿಸಿ ಎಸೆದು, ಆನೆ ಎಳೆದರೂ ಬಿಚ್ಚದ ಹಾಗೆ ಹೊಲಿದ.

ಪರೀಕ್ಷೆಗೆಂದು ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ಜಾಕೆಟ್ಟಿಗೆ ಕಟ್ಟಿ ನೀರಿನ ಡ್ರಮ್ಮಿಗೆ ಇಳಿಸುತ್ತಿದ್ದಾಗ ಎದುರಿನ ಕೀಲಿ ರಿಪೇರಿಯವನು ಬಂದು ನಿಂತ.

“ಏನ್ ಮಾಸ್ತ್ರೇ, ಇಸ್ತ್ರಿ ಪೆಟ್ಟಿಗೆಗೆ ಈಜು ಕಲಿಸ್ತಿದೀರಾ?”

“ತೇಲ್ತಿದೆ ನೋಡು.”

“ನಿಮಗಿಂತ ವಾಸಿ. ಅಲ್ಲಾ, ಇದು ಮಗೂಗೆ ಚಿಕ್ಕದಾಗಲ್ವಾ? ಇಷ್ಟೊತ್ತಿಗೆ ಎಷ್ಟು ದೊಡ್ಡೋಳಾಗಿದಾಳೋ ಏನೋ.”

“ನೀನು ಬೀಗ ನೋಡ್ಕೋ. ನನ್ನ ಮಗಳ ಅಳತೆ ನನಗೆ ಹೇಳ್ಬೇಡ.”

ಆ ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಸ್ತರ ದೊಡ್ಡ ಜಾಕೆಟ್ಟನ್ನು ತಾನು ತೊಟ್ಟು ನೋಡಿದ. ಕುಳಿತ, ಎದ್ದ, ಬಗ್ಗಿದ. ತೊಟ್ಟುಕೊಂಡೇ ಊಟ ಮಾಡಿದ. ಇದೇನು ವೇಷ ಎಂದು ನಗುವವರು ಆ ಕೋಣೆಯಲ್ಲಿ ಇರಲಿಲ್ಲವಾದ್ದರಿಂದ, ಬಿಚ್ಚಬೇಕೆಂಬುದು ನೆನಪಾಗಲು ಸ್ವಲ್ಪ ಹೊತ್ತೇ ಹಿಡಿಯಿತು.

ಮರುದಿನ ಕೆರೆಯ ಬಳಿ, ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಹೋಗಿ ನಿಂತ. ಬಸ್ಸು ಬಂತು. ತನ್ನ ಎದೆಯೆತ್ತರದ ಹುಡುಗಿಗಾಗಿ ಕಣ್ಣು ಹುಡುಕುತ್ತಿತ್ತು. ಮುದುಕಿಯೊಬ್ಬಳು ಇಳಿದಳು, ಇಬ್ಬರು ಹುಡುಗರು ಇಳಿದರು, ಉದ್ದನೆಯ ಹುಡುಗಿಯೊಬ್ಬಳು ಇಳಿದಳು. ಅಭ್ಯಾಸಬಲದಿಂದ ಕಣ್ಣು ತನ್ನ ಪಾಡಿಗೆ ತಾನು ಅಳೆಯಿತು: ಭುಜ ಹದಿನಾಲ್ಕೂವರೆ, ತೋಳು ಉದ್ದ, ದೊಡ್ಡವರ ಸೈಜು.

“ಅಪ್ಪಾ,” ಎಂದಿತು ಆ ಸೈಜು.

ಕಣ್ಣಳತೆ ಅರ್ಧ ಇಂಚೂ ತಪ್ಪಿರಲಿಲ್ಲ. ಒಂದು ದಿನ ತಡವಾಗಿತ್ತು, ಅಷ್ಟೇ.

ಚಿಕ್ಕ ಜಾಕೆಟ್ಟಿನಲ್ಲಿ ಅವಳ ಒಂದು ತೋಳು ಹೋಯಿತು, ಇನ್ನೊಂದು ಹೋಗಲು ಒಪ್ಪಲಿಲ್ಲ. ದೋಣಿಯವನು ಬೆಲ್ಟ್ ಹಿಡಿದು ಎಳೆದು ನೋಡಿ ಸೋತ.

“ಇದನ್ನ ಕತ್ತರಿಸಿದ ಮಹಾನುಭಾವ ಯಾರು ಸಾರ್?”

“ಯಾರೋ ದರ್ಜಿ.”

ಮಗಳು ನಗು ತಡೆದುಕೊಳ್ಳಲು ನೀರಿನ ಕಡೆ ತಿರುಗಿದಳು. ದೋಣಿಯವನ ಬಳಿ ಅವನ ಮೈಮೇಲಿದ್ದುದು ಬಿಟ್ಟರೆ ಬಕಲ್ ಮುರಿದ, ಲಾಡಿ ಕಟ್ಟಿದ ಎರಡು ಜಾಕೆಟ್‌ಗಳಿದ್ದವು. “ಅವು ತೇಲೋಕಲ್ಲ ಸಾರ್, ನೋಡೋಕೆ” ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಅಂಗಡಿಗೆ ಹೋಗಿ ಬೇರೆ ತರುವಷ್ಟರಲ್ಲಿ ಮಗಳಿಗೆ ಸಿಕ್ಕ ಮಧ್ಯಾಹ್ನವೇ ಮುಗಿದುಹೋಗುತ್ತಿತ್ತು.

ಮಾಸ್ತರ ತನ್ನ ಜಾಕೆಟ್ ಬಿಚ್ಚಿ ಮಗಳಿಗೆ ತೊಡಿಸಿದ. ಅದರ ಬೆಲ್ಟನ್ನು ಕತ್ತರಿಸಿರಲಿಲ್ಲ. ಎಳೆದಷ್ಟೂ ಬಿಗಿಯಾಗಿ ನಿಂತಿತು, ಚೆನ್ನಾಗಿ ಕೂತಿತು.

“ಮತ್ತೆ ನಿಮಗೆ?” ಎಂದಳು ಮಗಳು. ಐದು ವರ್ಷದ ಹಿಂದೆ ಊರು ಬಿಟ್ಟು ಹೋಗುವಾಗ ಅವಳು ಅಪ್ಪನನ್ನು ನೀನು ಎನ್ನುತ್ತಿದ್ದಳು.

“ಹಂಗೇ ಬನ್ನಿ ಸಾರ್,” ಎಂದ ದೋಣಿಯವನು. “ಅರ್ಧ ಗಂಟೆ. ಯಾರು ನೋಡ್ತಾರೆ?”

“ನಾನು ಅಮ್ಮಂಗೆ ಹೇಳಲ್ಲ,” ಎಂದಳು ಮಗಳು. “ಬನ್ನಿ ಅಪ್ಪಾ.”

ಮಾಸ್ತರ ಒಂದು ಕಾಲನ್ನು ದೋಣಿಗೆ ಇಟ್ಟೂಬಿಟ್ಟ. ದೋಣಿ ಅಲುಗಿತು. ಹಲಗೆಯ ಮೇಲೆ ಮಗಳ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ಅದನ್ನೂ ಕಣ್ಣು ಅಳೆಯಿತು. ಜೀವಮಾನವೆಲ್ಲ ತಪ್ಪಿದ ಮಾತುಗಳ ಜೊತೆಗೆ ಇದೊಂದು ಸೇರಿದರೆ ಯಾರಿಗೂ ಲೆಕ್ಕ ಸಿಗುತ್ತಿರಲಿಲ್ಲ. ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

“ಮಾತು ಕೊಟ್ಟಿದೀನಮ್ಮ. ನೀನು ಹೋಗಿ ಬಾ. ಒಂದು ಸಲ ಸೀಟಿ ಊದಿದ್ರೆ ಎಲ್ಲಾ ಸರಿಯಿದೆ ಅಂತ. ಮೂರು ಸಲ ಊದಿದ್ರೆ ಅಪಾಯ ಅಂತ.”

“ಮೂರು ಸಲ ಊದಿದ್ರೆ ಏನು ಮಾಡ್ತೀರಾ? ಈಜು ಬರಲ್ವಲ್ಲ ನಿಮಗೆ.”

“ಕೂಗ್ತೀನಿ.”

ಅವಳು ನಕ್ಕಳು. ದೋಣಿ ಹೊರಟಿತು. ಮಾಸ್ತರ ಚಿಕ್ಕ ಜಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ದಡದ ಕಲ್ಲಿನ ಮೇಲೆ ನಿಂತ. ದೋಣಿ ಕೈಯಷ್ಟಾಯಿತು, ಬೆರಳಷ್ಟಾಯಿತು, ಕೊನೆಗೆ ಗುಂಡಿಯಷ್ಟಾಯಿತು.

ಕೆರೆಯ ನಡುವಿನಿಂದ ಸೀಟಿ ಕೇಳಿಸಿತು. ಒಂದು ಸಲ. ಸ್ವಲ್ಪ ಕಾದ, ಇನ್ನೊಂದು ಬರಲಿಲ್ಲ. ಯಾವ ಕೈಯಲ್ಲಿ ಹಿಡಿದಿದ್ದಾಳೆ ಎಂಬುದು ಅಷ್ಟು ದೂರದಿಂದ ಕಾಣಲಿಲ್ಲ. ಕಂಕುಳಲ್ಲಿದ್ದ ಜಾಕೆಟ್ಟಿನ ಎಡಗಡೆಯ ಸೀಟಿಯನ್ನು ಬಾಯಿಗಿಟ್ಟು ತಾನೂ ಒಂದು ಸಲ ಊದಿದ. ದಡದಲ್ಲಿ ವಾಕಿಂಗ್ ಮಾಡುತ್ತಿದ್ದವರು ತಿರುಗಿ ನೋಡಿ ಮುಂದೆ ಹೋದರು.

ಅರ್ಧ ಗಂಟೆಗೆ ದೋಣಿ ದಡ ಸೇರಿತು. ಯಾರೂ ಮುಳುಗಲಿಲ್ಲ.