ಕೈ ಅಡ್ಡ ಹಿಡಿದು ಆಡಿದ ಮಾತು

ಕಕ್ಕೇರಾದ ರಾಧಿಕಾಳಿಗೆ ಸ್ವಗತ, ಜನಾಂತಿಕ ಎರಡೂ ತಲೆಗೆ ಹತ್ತುತ್ತಿರಲಿಲ್ಲ. ಸುರಪುರದ ಕಾಲೇಜಿನಲ್ಲಿ ಮಲ್ಲಾಬಾಯಿ ಮೇಡಂ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಪಾತ್ರ ತನ್ನಷ್ಟಕ್ಕೆ ಆಡಿಕೊಂಡರೆ ಸ್ವಗತ. ಕೆನ್ನೆಗೆ ಕೈ ಅಡ್ಡ ಹಿಡಿದು ಒಬ್ಬರಿಗಷ್ಟೇ ಹೇಳಿದರೆ ಜನಾಂತಿಕ. ರಂಗದ ಮೇಲಿನ ಉಳಿದವರು ಕೇಳಿದರೂ ಕೇಳದಂತಿರಬೇಕು. ಪಕ್ಕದಲ್ಲಿ ನಿಂತವನಿಗೆ ಕೇಳಿಸುವುದಿಲ್ಲವಂತೆ, ಕೊನೆಯ ಸಾಲಿನವನಿಗೆ ಕೇಳಿಸುತ್ತದಂತೆ! ಇದೆಂಥ ನ್ಯಾಯ ಎಂದು ಅವಳು ಗೊಣಗುತ್ತಿದ್ದಳು.

ಆದರೂ ಕಾಲೇಜಿನ ನಾಟಕದಲ್ಲಿ ರಾಜಕುಮಾರಿಯ ಪಾತ್ರ ಸಿಕ್ಕಿತು. ಅಪ್ಪ ಬಸವಂತ್ರಾಯ ಮುಖ ಗಂಟು ಹಾಕಿಕೊಂಡ.

"ನಮ್ಮ ಮನಿ ಹೆಣ್ಮಕ್ಕಳು ಯಾರೂ ಸ್ಟೇಜ್ ಹತ್ತಿಲ್ಲ. ಇದೊಂದ್ ಸಲ ಹತ್ತು. ಮುಂದಿಂದು ಆಯಿ ನೋಡಿ ಹೇಳ್ತಾಳ."

ಆಯಿ ಎಂದರೆ ಅವನ ತಾಯಿ ಶೇಖಮ್ಮ. ಆಕೆಯ ಮಾತು ಮೀರುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ರಾಧಿಕಾಳಿಗೋ, ತಾಲೀಮಿನ ಮೊದಲ ದಿನದಿಂದಲೇ ನಾಟಕ ಜೀವಕ್ಕೆ ಹತ್ತಿಕೊಂಡಿತ್ತು. ಆಯಿ ಬೇಡವೆಂದರೆ ಮುಗಿಯಿತು.

ನಾಟಕದ ದಿನ ಮಧ್ಯಾಹ್ನ ಶೇಖಮ್ಮ ಮಗನ ಜೊತೆ ಬಸ್ಸಿಳಿದು ಬಂದು ಮೊದಲ ಸಾಲಿನಲ್ಲೇ ಕೂತಳು. ಮಂತ್ರಿ ವೇಷದ ರಾಮಲಿಂಗ ಮುಂದೆ ಬಂದು ಸ್ವಗತ ಶುರುಮಾಡಿದ: "ಹಾಲಿಗೆ ವಿಷ ಬೆರೆಸಿದ್ದೇನೆ. ಈ ರಾಜ್ಯ ಇನ್ನು ನನ್ನದು!" ಅವನ ಹಿಂದೆಯೇ ನಿಂತಿದ್ದ ರಾಧಿಕಾ ಹಾಲಿನ ಬಟ್ಟಲು ಎತ್ತಿದಳು.

ಶೇಖಮ್ಮ ದಡಕ್ಕನೆ ಎದ್ದಳು. "ಏ ರಾಧೀ, ಕುಡೀಬ್ಯಾಡ! ಆ ಹಲ್ಕಟ್ ವಿಷ ಹಾಕ್ಯಾನ! ಇಷ್ಟ್ ಜೋರ್ ಒದರಾಕತ್ತಾನ, ನಿನಗ ಕೇಳವಲ್ದೇನು?"

ಜನವೆಲ್ಲ ಗೊಳ್ಳೆಂದಿತು. ಬಸವಂತ್ರಾಯ ತಲೆ ತಗ್ಗಿಸಿದ. ರಾಧಿಕಾ ಬಟ್ಟಲು ಹಿಡಿದೇ ಆಯಿಯತ್ತ ನೋಡಿದಳು. ಕುಡಿದರೆ ಆಯಿ ಸ್ಟೇಜಿಗೇ ಹತ್ತುತ್ತಾಳೆ. ಬಿಟ್ಟರೆ ನಾಟಕ ಅಲ್ಲಿಗೇ ಕೆಡುತ್ತದೆ. ಅವಳಿಗೆ ಏನು ಹೊಳೆಯಿತೋ, ರಂಗದ ಅಂಚಿಗೆ ಬಂದು ಕೆನ್ನೆಗೆ ಕೈ ಅಡ್ಡ ಹಿಡಿದಳು.

"ಆಯೀ, ಅಂವ ಅಂದದ್ದು ನಿಮಗೆಲ್ಲ ಕೇಳ್ತದ, ರಾಜಕುಮಾರಿಗಿ ಕೇಳಂಗಿಲ್ಲ. ನಾ ಈಗ ಹೇಳಾಕತ್ತಿದ್ದು ಅವಗ ಕೇಳಂಗಿಲ್ಲ. ಬೇಕಾದ್ರ ಅವನ ಮಾರಿ ನೋಡು."

ರಾಮಲಿಂಗ, ಪುಣ್ಯಾತ್ಮ, ತಕ್ಷಣ ಅರ್ಥಮಾಡಿಕೊಂಡು ಮೇಲಿನ ಫ್ಯಾನ್ ನೋಡುತ್ತ ಮೀಸೆ ತಿರುವಿದ. ಶೇಖಮ್ಮ ಅವನನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು. ಆಮೇಲೆ ತಾನೂ ಕೆನ್ನೆಗೆ ಕೈ ಅಡ್ಡ ಹಿಡಿದು, "ಹಂಗಾರ ಕುಡಿ. ಆದ್ರ ಸಾಯಬ್ಯಾಡ" ಎಂದು ಕೂತಳು.

ಚಪ್ಪಾಳೆಯೋ ಚಪ್ಪಾಳೆ! ಪರದೆಯ ಸಂದಿಯಲ್ಲಿ ಮಲ್ಲಾಬಾಯಿ ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ರಾಧಿಕಾ ಕುಡಿದಳು, ಬಿದ್ದಳು. ಕೊನೆಯಲ್ಲಿ ವೈದ್ಯ ಬಂದು ಎಬ್ಬಿಸುವವರೆಗೂ ಶೇಖಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಇದ್ದಳು.

ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ ಬಸವಂತ್ರಾಯ ಮಾತು ತೆಗೆದ. "ಯವ್ವಾ, ಮಂದಿ ಮುಂದ ಮರ್ಯಾದಿ ಹೋತು. ಇನ್ನ ಈಕಿ ನಾಟಕ ಬಂದ್, ಹೌದಿಲ್ಲೋ?"

ರಾಧಿಕಾ ಆಯಿಯ ಮುಖ ನೋಡಿದಳು.

ಶೇಖಮ್ಮ ಮಗನ ಕಡೆ ನೋಡಲಿಲ್ಲ. ಕೆನ್ನೆಗೆ ಕೈ ಅಡ್ಡ ಹಿಡಿದು ಮೊಮ್ಮಗಳತ್ತ ಬಾಗಿ, ಓಣಿಗೆಲ್ಲ ಕೇಳುವಂತೆ ಹೇಳಿದಳು:

"ಮುಂದಿನ ನಾಟಕದಾಗ ವಿಷ ನೀನ ಹಾಕು. ನಿಮ್ಮಪ್ಪಗ ಹೇಳಬ್ಯಾಡ."

ಎದುರಿಗೇ ಕೂತಿದ್ದ ಬಸವಂತ್ರಾಯ ಚಹಾದ ಕಪ್ಪು ಕೆಳಗಿಟ್ಟು, ಮೇಲಿನ ಫ್ಯಾನ್ ನೋಡುತ್ತ ಮೀಸೆ ತಿರುವಿದ.