ವರ್ಲಿನ್ ಕೊಳ್ಳಲು ಹೋದ ಪಿಸ್ತೂಲು

ಡೋವಿ ಮೂರನೆಯ ಪಿಸ್ತೂಲನ್ನು ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟಾಗ ವರ್ಲಿನ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮೊದಲಿನ ಎರಡರ ಮೇಲೂ ಅವನ ಬೆವರಿನ ಗುರುತು ಉಳಿದಿತ್ತು. ಡೋವಿ ಅದನ್ನು ನೋಡಿದಳು. ಹಳದಿ ಬಟ್ಟೆಯಿಂದ ಎರಡನ್ನೂ ಒಮ್ಮೆ ಉಜ್ಜಿ ಪಕ್ಕಕ್ಕಿಟ್ಟಳು.

"ಇರೋದ್ರಲ್ಲಿ ಚಿಕ್ಕದು ಇದು," ಅಂದಳು. "ಅಂಗಿಯೊಳಗಿದ್ರೆ ಎದುರಿಗಿರೋರಿಗೆ ಗೊತ್ತೇ ಆಗಲ್ಲ. ಮೈಮೇಲೆ ಬಚ್ಚಿಟ್ಕೊಳ್ಳೋಕೆ ಅಂತ ಬರೋರೆಲ್ಲ ಮೊದಲು ಇದನ್ನೇ ಕೇಳ್ತಾರೆ. ಆದ್ರೆ ಪುಟ್ಟ ಪಿಸ್ತೂಲು ಪುಟ್ಟ ಕತ್ತೆ ಇದ್ದ ಹಾಗೆ ಯಜಮಾನ್ರೇ, ಒದೆಯೋದು ಜಾಸ್ತಿ."

"ನನಗೆ ದೊಡ್ಡದೇ ಇರ್ಲಿ. ಆ ಮೊದಲನೇದು."

"ಅದನ್ನ ಸೊಂಟದಲ್ಲಿ ಸಿಕ್ಕಿಸ್ಕೊಂಡು ಮನೆಮನೆಗೆ ಗ್ಯಾಸ್ ಹಾಕೋ ನಿಮ್ಮ ಲಾರಿನ ದಿನಕ್ಕೆ ನಲವತ್ತು ಸಲ ಹತ್ತಿ ಇಳೀತೀರಾ? ಒಂದು ವಾರ ಇಟ್ಕೋತೀರಿ. ಎರಡನೇ ವಾರ ಮಂಚದ ಪಕ್ಕದ ಡ್ರಾಯರ್‌ನಲ್ಲಿ ಮಲಗಿರುತ್ತೆ. ಡ್ರಾಯರ್‌ನಲ್ಲಿ ಮಲಗಿರೋದು ಯಾರನ್ನ ಕಾಯುತ್ತೆ?"

ಡೋವಿ ಹದಿನೆಂಟು ವರ್ಷ ಜಿಲ್ಲಾ ಜೈಲಿನಲ್ಲಿ ಕಾವಲಿನ ಕೆಲಸ ಮಾಡಿ, ಅದನ್ನು ಬಿಟ್ಟು ಈ ಅಂಗಡಿ ಇಟ್ಟವಳು. ದಪ್ಪ ಕನ್ನಡಕ, ಕಿವಿಯ ಹಿಂದೆ ಪೆನ್ಸಿಲು. ಕೆಂಟಕಿಯ ಆ ಗುಡ್ಡದ ಸೀಮೆಯಲ್ಲಿ ಅರ್ಧ ಜನ ಪಿಸ್ತೂಲು ಕೊಂಡಿದ್ದು ಅವಳ ಕೈಯಿಂದಲೇ. ಇನ್ನರ್ಧ ಜನಕ್ಕೆ ಅಪ್ಪನಿಂದ ಬಂದಿತ್ತು. ವರ್ಲಿನ್‌ನ ಅಪ್ಪನದು ಬರೀ ಅಳಿಲು ಹೊಡೆಯುವ ಬಂದೂಕು.

"ಏನಾಯ್ತು, ಯಾಕೆ ಈಗ ಬೇಕಾಯ್ತು?" ಡೋವಿ ಕೇಳಿದಳು. "ನಿಮ್ಮನ್ನ ಮಾತ್ರ ಅಂತಲ್ಲ. ಎಲ್ಲರನ್ನೂ ಕೇಳ್ತೀನಿ."

ವರ್ಲಿನ್ ಹಿಂದೆ ತಿರುಗಿ ನೋಡಿದ. ಅವನ ಹೆಂಡತಿ ಓಲೆಟಾ ಗೋಡೆಯ ಹತ್ತಿರ ನಿಂತು, ಮೊಳೆಗಳಿಗೆ ನೇತುಹಾಕಿದ್ದ ಚರ್ಮದ ಒರೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಎಡಗೈಯಲ್ಲಿ. ಬಲಗೈಯ ಪ್ಲಾಸ್ಟರು ಬಿಚ್ಚಿ ಇನ್ನೂ ನಾಲ್ಕೇ ದಿನವಾಗಿತ್ತು, ಮಣಿಕಟ್ಟು ಬಿಳಿಚಿಕೊಂಡು ಸಣ್ಣಗಾಗಿತ್ತು.

"ಔಷಧಿ ಅಂಗಡಿ ಮುಂದೆ ಒಬ್ಬ ಚಾಕು ಹಿಡ್ಕೊಂಡು ಬಂದ," ಎಂದು ಶುರುಮಾಡಿದ ವರ್ಲಿನ್. "ಇವಳ ಚೀಲ ಕಿತ್ಕೊಂಡು ನೂಕಿದ. ನಾನು ಕಾರಿಂದ ಇಳಿದು ಅಟ್ಟಿಸ್ಕೊಂಡು ಹೋದೆ. ಬ್ಯಾಂಕಿನ ಮೂಲೆವರೆಗೂ ಓಡಿದೆ. ಕೈಗೆ ಸಿಗೋದ್ರಲ್ಲಿದ್ದ, ಬೇಲಿ ಹಾರಿಬಿಟ್ಟ. ಅವತ್ತು ನನ್ನ ಹತ್ರ ಒಂದು ಇದ್ದಿದ್ರೆ..."

ಆರು ವಾರಗಳಲ್ಲಿ ಎಷ್ಟು ಸಲ ಹೇಳಿದ್ದನೆಂದರೆ ಆ ಬೇಲಿ ಈಗ ಅವನ ಕಣ್ಣಿಗೆ ಕಾಣುತ್ತಿತ್ತು. ಮೊದಲು ಪೊಲೀಸನಿಗೆ ಹೇಳಿದ್ದು ಒಂದೇ ಮಾತು, "ಹಿಂದೆ ಓಡಿದೆ" ಅಂತ. ಅದು ಬಾಯಿಂದ ಜಾರಿದ ಮಾತು. ಆಮೇಲೆ ಪಕ್ಕದ ಮನೆಯ ಹೋಬರ್ಟ್ ಕೇಳಿದಾಗ ಬ್ಯಾಂಕಿನ ಮೂಲೆ ಸೇರಿಕೊಂಡಿತು. ಹೋಬರ್ಟ್ ಅದನ್ನು ಚರ್ಚಿಗೆ ಹೊತ್ತುಕೊಂಡು ಹೋದ. ಗಂಡಸರೆಲ್ಲ ಕೂಡಿ ತಿಂಡಿ ತಿನ್ನುವ ಶನಿವಾರ, ಬನ್ನು, ಮಾಂಸದ ಗೊಜ್ಜಿನ ತಟ್ಟೆಗಳ ನಡುವೆ ಅವನನ್ನು ಎಬ್ಬಿಸಿ ನಿಲ್ಲಿಸಿದರು. ಬಡಿಸುತ್ತಿದ್ದ ಹೆಂಗಸರೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಬೇಡ ಬೇಡ ಎಂದು ಕೈಯಾಡಿಸಿದ, ಅದನ್ನೂ ಅವರು ವಿನಯ ಅಂದುಕೊಂಡರು.

ನಡೆದದ್ದು ಬೇರೆ. ಭಾನುವಾರ ಮಧ್ಯಾಹ್ನ, ಹಗಲು ಬೆಳಕು. ಅವನು ಕಾರಿನಲ್ಲಿ ಕೂತಿದ್ದ. ಓಲೆಟಾ ಔಷಧಿ ತಗೊಂಡು ಬರುತ್ತಿದ್ದಳು, ಹಿಂದೆಯೇ ಒಬ್ಬ ನಡುವಯಸ್ಸಿನ ಸಣಕಲ ಮನುಷ್ಯ. ಅವನ ಕೈಯಲ್ಲಿದ್ದ ಚಾಕುವನ್ನು ವರ್ಲಿನ್ ಕನ್ನಡಿಯಲ್ಲಿ ನೋಡಿದ. ಓಲೆಟಾ ಓಡಿಬಂದು ಬಾಗಿಲ ಹಿಡಿಕೆಗೆ ಕೈ ಚಾಚಿದಳು. ಆ ಹೊತ್ತಿಗೆ ವರ್ಲಿನ್‌ನ ಎಡಗೈ ಬೆರಳು ಗುಂಡಿ ಒತ್ತಿತ್ತು. ನಾಲ್ಕೂ ಬಾಗಿಲಿಗೆ ಒಟ್ಟಿಗೆ ಟಕ್ಕೆಂದು ಲಾಕ್ ಬಿತ್ತು. ಅವಳು ಎರಡು ಸಲ ಎಳೆದಳು. ಮೂರನೆಯ ಸಲ ಎಳೆಯುವಷ್ಟರಲ್ಲಿ ನೆಲದ ಮೇಲಿದ್ದಳು. ಆ ಮನುಷ್ಯ ಓಡಲೂ ಇಲ್ಲ, ಚೀಲ ಕಂಕುಳಿಗೆ ಸಿಕ್ಕಿಸಿ ನಡೆದುಕೊಂಡು ಹೋದ.

ಓಲೆಟಾ ಆ ಮಾತು ಎತ್ತಲೇ ಇಲ್ಲ. ಓಡಿಬರುವ ಗಾಬರಿಯಲ್ಲಿ ಅವಳಿಗೆ ತಿಳಿದಿಲ್ಲ, ಬಾಗಿಲಿಗೆ ಮೊದಲೇ ಲಾಕ್ ಬಿದ್ದಿತ್ತು ಅಂದುಕೊಂಡಿದ್ದಾಳೆ ಎಂದು ವರ್ಲಿನ್ ತನಗೆ ತಾನೇ ಹೇಳಿಕೊಂಡಿದ್ದ.

"ಬೇಲಿ ಹಾರಿದ್ನಾ," ಅಂದಳು ಡೋವಿ. "ಸರಿ. ಬನ್ನಿ, ಹೊಡೆದು ನೋಡಿ. ಕೈಗೆ ಒಗ್ಗದೇ ಇರೋದನ್ನ ಕೊಂಡ್ರೆ ಹೊಸ ಚಪ್ಪಲಿ ಹಾಕ್ಕೊಂಡು ಬೆಟ್ಟ ಹತ್ತಿದ ಹಾಗೆ."

ಗುಂಡು ಹೊಡೆಯುವ ಜಾಗ ಅಂಗಡಿಯ ಹಿಂಬದಿಗೆ ಇತ್ತು, ಉದ್ದನೆಯ ಕಾಂಕ್ರೀಟ್ ಕೋಣೆ. ಕಿವಿಗೆ ಮುಚ್ಚಳ ಹಾಕಿಕೊಂಡು ವರ್ಲಿನ್ ದೊಡ್ಡ ಪಿಸ್ತೂಲು ಎತ್ತಿದ. ಏಳು ಗಜದಾಚೆಯ ಕಾಗದದ ಮನುಷ್ಯನಿಗೆ ಹತ್ತು ಗುಂಡು ಹೊಡೆದ. ನಾಲ್ಕು ಗುಂಡು ಕಾಗದಕ್ಕೇ ತಾಗಲಿಲ್ಲ, ಒಂದು ಕಿವಿ ಇರಬೇಕಾದ ಕಡೆ ಸವರಿಕೊಂಡು ಹೋಯಿತು.

"ಶಬ್ದ ಬರೋಕೆ ಮುಂಚೆನೇ ಕಣ್ಣು ಮುಚ್ತೀರಿ," ಡೋವಿ ಅಂದಳು. "ತಪ್ಪೇನಿಲ್ಲ, ಎಲ್ರೂ ಮುಚ್ತಾರೆ. ಅಕ್ಕಾ, ನೀವೂ ಒಂದು ಕೈ ನೋಡ್ತೀರಾ?"

"ಅವಳಿಗೆ ಬೇಡ, ಕೈ ನೋವು," ಎಂದ ವರ್ಲಿನ್.

"ನೋಡ್ತೀನಿ," ಎಂದಳು ಓಲೆಟಾ.

ಗುಂಡು ಏರಿಸಲು ಮೊದಲ ಪಿಸ್ತೂಲಿನ ಮೇಲ್ಭಾಗದ ಜಾರುವ ತುಂಡನ್ನು, ಸ್ಲೈಡನ್ನು, ಹಿಂದಕ್ಕೆಳೆಯಲು ಅವಳಿಂದ ಆಗಲಿಲ್ಲ. ಡೋವಿ ಒಳಗೆ ಹೋಗಿ ಇನ್ನೊಂದು ತಂದಳು. ನಡುವಿನ ಅಳತೆಯದು, ಸ್ಪ್ರಿಂಗು ಮೆತ್ತಗಿನದು. "ತೋಳಿಂದ ಎಳೀಬೇಡಿ. ಎಡಗೈಲಿ ಮೇಲ್ಗಡೆ ಗಟ್ಟಿ ಹಿಡಿದು, ಬಲಗೈಲಿ ಕೆಳಗಿನ ಭಾಗನ ಮುಂದಕ್ಕೆ ತಳ್ಳಿ. ಮುಂದಕ್ಕೆ. ಹಾಂ! ನೋಡಿ, ಬಂತಲ್ಲ." ಓಲೆಟಾ ಹತ್ತು ಗುಂಡನ್ನೂ ಅವಸರವಿಲ್ಲದೆ ಹೊಡೆದಳು. ದಿನಕ್ಕೆ ಆರು ಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರಿಗೆ ಮೈತೊಳೆಸುವವಳು ಅವಳು. ಭಾರವಾದದ್ದನ್ನು ಹೇಗೆ ಹಿಡಿಯಬೇಕೆಂದು ಆ ಕೈಗಳಿಗೆ ಗೊತ್ತಿತ್ತು. ತೂತುಗಳೆಲ್ಲ ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಬಿದ್ದಿದ್ದವು.

"ಅಯ್ಯೋ ಯಜಮಾನ್ರೇ," ಡೋವಿ ನಕ್ಕಳು, "ಇನ್ಮೇಲೆ ಮನೇಲಿ ಸ್ವಲ್ಪ ಬಗ್ಗಿ ನಡೀಬೇಕು ನೀವು."

ವರ್ಲಿನ್ ಕೂಡ ನಕ್ಕ. ಓಲೆಟಾ ನಗಲಿಲ್ಲ.

ಆಮೇಲೆ ಡೋವಿ ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. "ಮಾರೋದು ಹತ್ತು ನಿಮಿಷದ ಕೆಲಸ. ಯಾವಾಗ ಅದನ್ನ ಮುಟ್ಟಬಾರದು ಅಂತ ಹೇಳೋಕೆ ಒಂದು ಗಂಟೆ ಬೇಕು. ಆ ಒಂದು ಗಂಟೆ ಕೂರದೇ ಇರೋರಿಗೆ ನಾನು ಮಾರಲ್ಲ." ಎರಡು ಕುರ್ಚಿಗಳನ್ನು ಪಕ್ಕಪಕ್ಕ ಎಳೆದಿಟ್ಟಳು. "ಇದು ನಿಮ್ಮ ಕಾರು. ನೀವು ಇಲ್ಲಿ ಕೂತ್ಕೊಳ್ಳಿ. ಅಕ್ಕಾ, ನೀವು ಆ ಕಡೆಯಿಂದ ಬನ್ನಿ. ಕಳ್ಳ ನಾನೇ." ವರ್ಲಿನ್‌ನ ಸೊಂಟಕ್ಕೆ ನೀಲಿ ಪ್ಲಾಸ್ಟಿಕ್ಕಿನ ಆಟದ ಪಿಸ್ತೂಲು ಸಿಕ್ಕಿಸಿದಳು. "ಅವತ್ತು ಆದದ್ದೇ ಅಂದ್ಕೊಳ್ಳಿ. ಆದ್ರೆ ಈ ಸಲ ನಿಮ್ಮ ಹತ್ರ ಇದಿದೆ. ಏನು ಮಾಡ್ತೀರಿ, ತೋರಿಸಿ."

ವರ್ಲಿನ್ ಕೂತ. ಇದೇನು ಮಕ್ಕಳಾಟ ಎಂದು ಒಂದು ಮಾತು ಅನ್ನಬೇಕೆಂದುಕೊಂಡ. ಅಷ್ಟರಲ್ಲಿ ಡೋವಿ ಕೈಯಲ್ಲಿ ಚಾಕುವಿನ ಹಾಗೆ ಪೆನ್ಸಿಲು ಹಿಡಿದು ಬಂದಳು. ಅವಳ ಮುಂದೆ ಓಲೆಟಾ ಬಂದಳು. ಕುರ್ಚಿಯ ಪಕ್ಕ ನಿಂತು, ಏನೂ ಇಲ್ಲದ ಗಾಳಿಯಲ್ಲಿ, ಹಿಡಿಕೆ ಎಷ್ಟು ಎತ್ತರದಲ್ಲಿತ್ತೋ ಅಷ್ಟೇ ಎತ್ತರಕ್ಕೆ ಕೈ ಚಾಚಿದಳು. ಸಣ್ಣಗಾದ ಆ ಮಣಿಕಟ್ಟು ಒಂದು ಸಲ ಹಿಂದಕ್ಕೆ ಎಳೆಯಿತು. ಇನ್ನೊಂದು ಸಲ ಎಳೆಯಿತು.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಅವನ ಬಲಗೈ ಸೊಂಟದ ಕಡೆ ಹೋಗಲಿಲ್ಲ. ಎಡಗೈ ತಾನಾಗಿ ಎದ್ದು, ತೊಡೆಯ ಪಕ್ಕದಲ್ಲಿ ತೋರುಬೆರಳು ಕೆಳಗೆ ಒತ್ತಿ, ಅಲ್ಲೇ ನಿಂತಿತು.

"ಎಡಗೈಲಿ ಏನು ಮಾಡಿದ್ರಿ ಅದು?" ಡೋವಿ ಕೇಳಿದಳು.

ವರ್ಲಿನ್ ತನ್ನ ಬೆರಳನ್ನು ನೋಡಿದ. "ಬಾಗಿಲು ಹಾಕಿದೆ," ಅಂದ.

"ಯಾವ ಬಾಗಿಲು?"

"ಇವಳು ಹೊರಗಿದ್ಲು. ನಾನು ಬಾಗಿಲು ಹಾಕ್ಕೊಂಡೆ." ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, "ಓಡಲೂ ಇಲ್ಲ, ಬೇಲಿನೂ ಇಲ್ಲ. ಅವನು ಹೋದ್ಮೇಲೂ ಎಷ್ಟೋ ಹೊತ್ತು ತೆಗೀಲಿಲ್ಲ ನಾನು," ಅಂದ.

ಡೋವಿ ಪೆನ್ಸಿಲನ್ನು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಓಲೆಟಾ ಚಾಚಿದ್ದ ಕೈಯನ್ನು ನಿಧಾನವಾಗಿ ಇಳಿಸಿದಳು.

"ನನಗೆ ಗೊತ್ತು ವರ್ಲಿನ್," ಅಂದಳು. "ಕೇಳಿಸ್ತು ನನಗೆ."

"ಮತ್ತೆ ಯಾಕೆ ಏನೂ ಹೇಳಲಿಲ್ಲ ನೀನು?"

"ನೀನೇ ಹೇಳ್ತೀಯ ಅಂತ ಕಾದೆ. ಆಸ್ಪತ್ರೇಲಿ ಹೇಳ್ತೀಯ ಅಂದ್ಕೊಂಡೆ. ಮನೇಗೆ ಬಂದ್ಮೇಲೆ ಹೇಳ್ತೀಯ ಅಂದ್ಕೊಂಡೆ. ಆಮೇಲೆ ಚರ್ಚಲ್ಲಿ ಅವರೆಲ್ಲ ಚಪ್ಪಾಳೆ ಹೊಡೆದ್ರು. ನಾನೂ ಅಲ್ಲೇ ನಿಂತಿದ್ನಲ್ಲ, ಕಾಫಿ ಪಾತ್ರೆ ಹತ್ರ. ಪುಣ್ಯಕ್ಕೆ ಕೈಗೆ ಪ್ಲಾಸ್ಟರು ಹಾಕಿತ್ತು. ನಾನ್ಯಾಕೆ ಚಪ್ಪಾಳೆ ಹೊಡೀಲಿಲ್ಲ ಅಂತ ಯಾರೂ ಕೇಳಲಿಲ್ಲ."

ಅವಳು ಕೂಗಲಿಲ್ಲ. ಮೂವತ್ತೊಂದು ವರ್ಷದಿಂದ ಅವನ ಊಟದ ಡಬ್ಬಿ ಕೊಡುವಾಗ ಆಡುವ ದನಿಯಲ್ಲೇ ಹೇಳಿದಳು. ವರ್ಲಿನ್ ಸೊಂಟದಲ್ಲಿದ್ದ ಪ್ಲಾಸ್ಟಿಕ್ ಪಿಸ್ತೂಲನ್ನು ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟ.

"ಹೆದರಿದ್ದಕ್ಕೆ ನಾನೇನೂ ಅನ್ನಲ್ಲ," ಡೋವಿ ಅಂದಳು. "ಜೈಲಲ್ಲಿ ಆರಡಿ ಗಂಡಸರು ಉಚ್ಚೆ ಹುಯ್ಕೊಂಡಿದ್ದನ್ನ ನೋಡಿದೀನಿ. ನಾನೂ ಒಂದ್ಸಲ ಹುಯ್ಕೊಂಡಿದೀನಿ. ಆದ್ರೆ ಇವತ್ತು ನಿಮಗೆ ಮಾರಲ್ಲ ಯಜಮಾನ್ರೇ."

"ಗುರಿ ಸರಿ ಇಲ್ಲ ಅಂತಾನಾ?"

"ಗುರಿ ಕಲಿಸ್ಬಹುದು. ಇಂಥ ಒಂದು ಸುಳ್ಳು ಹೊತ್ಕೊಂಡಿರೋರ ಕೈಗೆ ಇದು ಸಿಕ್ರೆ, ಆ ಸುಳ್ಳನ್ನ ನಿಜ ಮಾಡೋಕೆ ಯಾರಾದ್ರೂ ಸಿಗ್ತಾರಾ ಅಂತ ಹುಡುಕ್ತಾರೆ. ಯಾರೋ ಪಾಪದವನು ದಾರಿ ಕೇಳೋಕೆ ಬಂದಿರ್ತಾನೆ." ಅವಳು ಕುರ್ಚಿಗಳನ್ನು ಗೋಡೆಗೆ ತಳ್ಳಿದಳು. "ಬೇರೆ ಅಂಗಡಿಗೆ ಹೋಗಿ, ಕೊಡ್ತಾರೆ. ನಾನು ಕೊಡಲ್ಲ."

"ನನಗೆ ಕೊಡ್ತೀಯಾ?" ಓಲೆಟಾ ಕೇಳಿದಳು.

ಡೋವಿ ಅವಳ ಕಡೆ ತಿರುಗಿದಳು. "ನಿಮಗೆ ಯಾಕೆ ಬೇಕು ಅಕ್ಕಾ?"

"ಸೋಮವಾರದಿಂದ ಕೆಲಸಕ್ಕೆ ಹೋಗ್ಬೇಕು. ಮಣ್ಣು ರಸ್ತೆ, ಒಂಟಿ ಮನೆಗಳು. ಮುಂಚೆ ಹೆದರಿಕೆ ಇರಲಿಲ್ಲ, ಈಗ ಇದೆ." ಓಲೆಟಾ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. "ಇವನು ಜೊತೇಲಿದ್ರೂ ಒಬ್ಬಳೇ ಇದೀನಿ ಅಂತ ಅಂದ್ಕೊಂಡೇ ಇರಬೇಕಲ್ಲ ಇನ್ನು."

ಅವಳಿಗಾಗಿ ಡೋವಿ ಆ ಇಡೀ ಗಂಟೆ ಕೂತಳು. ವರ್ಲಿನ್ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಮೊದಲು ದೂರ ಸರಿಯಬೇಕು. ಚೀಲ ಕೇಳಿದರೆ ಚೀಲ ಕೊಟ್ಟುಬಿಡಬೇಕು. ಪ್ರಾಣಕ್ಕೆ ಬಂದಾಗ ಮಾತ್ರ ಒರೆಗೆ ಕೈ ಹೋಗಬೇಕು. ಮನೆಯೊಳಗೆ ಬೀಗ ಇರುವ ಪೆಟ್ಟಿಗೆಯಲ್ಲಿಡಬೇಕು. ಕೊನೆಗೆ ಸರ್ಕಾರದ ಅರ್ಜಿ ಬಂತು. ಓಲೆಟಾಳ ಬಲಗೈ ಅಕ್ಷರಗಳು ವಾರೆಯಾಗಿ ಬೀಳುತ್ತಿದ್ದವು. ನಾನು ಬರೆಯಲಾ ಎಂದು ವರ್ಲಿನ್ ಎದ್ದ.

"ಬೇಡ," ಅಂದಳು ಡೋವಿ. "ಕೊಳ್ಳೋರೇ ಬರೀಬೇಕು."

ಅವನು ಮತ್ತೆ ಕೂತುಕೊಂಡ.

ಮನೆ ಮುಟ್ಟಿದಾಗ ಮೂರು ಗಂಟೆ. ಹೋಬರ್ಟ್ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಬೇಲಿಯ ಹತ್ತಿರ ಬಂದ. "ಏನಪ್ಪಾ ಶೂರ! ಸಿಕ್ತಾ? ಎಂಥದ್ದು ತಗೊಂಡೆ, ತೋರ್ಸೋ!"

ಓಲೆಟಾ ನಿಲ್ಲದೆ ಒಳಗೆ ಹೋದಳು. ವರ್ಲಿನ್ ಅವಳ ಹಿಂದೆಯೇ ಹೋಗಿಬಿಡಬಹುದಿತ್ತು. ಎರಡು ಹೆಜ್ಜೆ ಇಟ್ಟೂ ಇದ್ದ.

"ನಾನು ತಗೊಳ್ಳಲಿಲ್ಲ. ಅವಳು ತಗೊಂಡ್ಲು."

"ಅದ್ಯಾಕೋ? ಕಳ್ಳನ್ನ ಬರಿಗೈಲೇ ಓಡಿಸಿದೋನು ನೀನು!"

"ಓಡಿಸಲಿಲ್ಲ ಹೋಬರ್ಟ್. ಕಾರೊಳಗೆ ಕೂತು ಬಾಗಿಲು ಹಾಕ್ಕೊಂಡಿದ್ದೆ. ಅವಳು ಹೊರಗಿದ್ಲು."

ಹೋಬರ್ಟ್ ನಕ್ಕ, ತಮಾಷೆ ಅಂದುಕೊಂಡು. ವರ್ಲಿನ್ ನಗದೆ ನಿಂತಿದ್ದನ್ನು ನೋಡಿ ಅವನ ನಗು ತುಟಿಯ ಒಂದು ಕಡೆ ಮಾತ್ರ ಉಳಿಯಿತು, ಆಮೇಲೆ ಅದೂ ಹೋಯಿತು. "ಹೂಂ," ಅಂದ. "ಹೂಂ. ಹುಲ್ಲು ತುಂಬಾ ಬೆಳೆದಿದೆ ಕಣಪ್ಪಾ," ಎಂದು ಯಂತ್ರದ ಕಡೆ ನಡೆದ. ಈ ಮಾತೂ ಚರ್ಚಿನವರೆಗೆ ನಡೆದು ಹೋಗುತ್ತದೆ ಎಂದು ವರ್ಲಿನ್‌ಗೆ ಗೊತ್ತಿತ್ತು. ನಾಳೆಯೇ ಭಾನುವಾರ.

ಅಡುಗೆಮನೆಯಲ್ಲಿ ಓಲೆಟಾ ಗುಂಡಿಲ್ಲದ ಪಿಸ್ತೂಲನ್ನು ಹೊಸ ಒರೆಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡುತ್ತಿದ್ದಳು. ಕೆಲಸಕ್ಕೆ ಹೋಗುವ ಪ್ಯಾಂಟಿಗೆ ಇದ್ದದ್ದು ಬರೀ ಎಲಾಸ್ಟಿಕ್ಕು. ತೂಕಕ್ಕೆ ಒಂದು ಕಡೆ ಜಗ್ಗಿ ಕೆಳಗೆ ಜಾರುತ್ತಿತ್ತು. ಇನ್ನೊಂದು ಪ್ಯಾಂಟು ಹಾಕಿಕೊಂಡು ಬಂದಳು, ಅದಕ್ಕೆ ಬೆಲ್ಟಿನ ಕುಣಿಕೆಗಳಿದ್ದವು. ಬೆಲ್ಟು ಇರಲಿಲ್ಲ.

ವರ್ಲಿನ್ ಬಾಗಿಲಲ್ಲಿ ನಿಂತು ನೋಡಿದ. ತನ್ನ ಬೆಲ್ಟು ಬಿಚ್ಚಿ ಎಳೆದು ತೆಗೆದ. ಲಾರಿ ಕೆಲಸದ ದಪ್ಪ ಚರ್ಮದ ಬೆಲ್ಟು ಅದು. ಅವಳು ಅದನ್ನು ತಗೊಂಡು ಸುತ್ತಿಕೊಂಡಳು. ಕೊನೆಯ ತೂತಿಗೂ ಒಂದು ಗೇಣು ಸಡಿಲ. ಹೊಸ ತೂತು ಯಾವ ಜಾಗಕ್ಕೆ ಬರಬೇಕೋ ಅಲ್ಲಿ ಹೆಬ್ಬೆರಳ ಉಗುರಿನಿಂದ ಗೀರು ಹಾಕಿ ಬೆಲ್ಟನ್ನು ಅವನ ಕಡೆ ಚಾಚಿದಳು.

ಅವನು ಸುತ್ತಿಗೆ, ಮೊಳೆ ತಗೊಂಡು ಹಿತ್ತಲ ಮೆಟ್ಟಿಲಿಗೆ ಹೋದ. ಪ್ಯಾಂಟು ಜಾರುತ್ತಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡೇ ಮೊಣಕಾಲೂರಿದ. ಮರದ ತುಂಡಿನ ಮೇಲೆ ಬೆಲ್ಟು ಹಾಸಿ ಉಗುರಿನ ಗೀರು ಹುಡುಕಿದ. ಬಿಸಿಲಿಗೆ ಓರೆಯಾಗಿ ಹಿಡಿದಾಗ ಕಂಡಿತು. ಅದರ ಮೇಲೆ ಮೊಳೆಯ ಮೊನೆಯಿಟ್ಟು, ಬಗ್ಗಿ, ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿ, ಹೊಡೆಯತೊಡಗಿದ.