ಯಲ್ಲಾಲಿಂಗನ ಹೆಂಡತಿ

ಕಸ್ತೂರಿ ನೀರಿಗೆ ಅಡ್ಡ ನಿಂತಳು. ಬಿಸಿನೀರಿನ ಕೊಡ ಹಿಡಿದು ಬರುತ್ತಿದ್ದ ಸೋಮಶೇಖರ ಅವಳ ಮೈಮೇಲೆ ಚೆಲ್ಲಬಾರದೆಂದು ಥಟ್ಟನೆ ಹಿಂದೆ ಸರಿದ. ನೀರು ಅವನ ಕಾಲ ಮೇಲೆಯೇ ತುಳುಕಿತು. ಹಲ್ಲು ಕಚ್ಚಿ ಕೊಡ ಕೆಳಗಿಟ್ಟ.

"ನೀರ ಹಾಕಬ್ಯಾಡ್ರಿ," ಎಂದಳು ಅವಳು. ಬಸ್ಸಿಳಿದು ಏರು ದಾರಿಯಲ್ಲಿ ಓಡಿ ಬಂದವಳಿಗೆ ಉಸಿರು ನಿಲ್ಲುತ್ತಿರಲಿಲ್ಲ. "ಸ್ವಲ್ಪ ತಡೀರಿ."

ಅಂಗಳದಲ್ಲಿ ಸೇರಿದ್ದ ಜನ ತಿರುಗಿ ನೋಡಿದರು. ಹಗ್ಗಕ್ಕೆ ಚಾದರ ಕಟ್ಟಿ ಮರೆ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಯಲ್ಲಾಲಿಂಗನ ಹೆಣವನ್ನು ಆ ಮರೆಯ ಹಿಂದಿನ ಕಲ್ಲಿಗೆ ಇನ್ನೇನು ಎತ್ತಿ ತರುವವರಿದ್ದರು. ಅವನ ಮೈಮೇಲೆ ಇನ್ನೂ ನಿನ್ನೆಯ ಅಂಗಿಯೇ ಇತ್ತು, ತೋಳಿನಲ್ಲಿ ವಾರ್ನಿಷಿನ ಕಲೆ. ಕಸ್ತೂರಿ ಅದನ್ನು ನೋಡಿ ಮನಸ್ಸಿನೊಳಗೇ ಸಮಾಧಾನ ತಂದುಕೊಂಡಳು. ಯಾರೂ ಇನ್ನೂ ಅಂಗಿ ಬಿಚ್ಚಿಲ್ಲ.

ಯಲ್ಲಾಲಿಂಗ ಗೋಕಾಕ ಫಾಲ್ಸಿನಲ್ಲಿ ಸುಟ್ಟ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿ ವಾರ್ನಿಷು ಹಚ್ಚುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಹುಕ್ಕೇರಿ ಕಡೆಯವನು ಎನ್ನುವುದು ಬಿಟ್ಟರೆ ಅವನ ಹಿಂದುಮುಂದು ಯಾರಿಗೂ ತಿಳಿಯದು. ಒಂಬತ್ತು ವರ್ಷದಿಂದ ಮುರಿಗೆಪ್ಪನ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದ. ಮುರಿಗೆಪ್ಪನ ಹೆಂಡತಿ ಶಿವಗಂಗವ್ವನನ್ನು ಅವ್ವ ಎಂದು ಕರೆದು, ಅವಳ ಕೈಯಲ್ಲೇ ಉಣ್ಣುತ್ತಿದ್ದ. ನಿನ್ನೆ ಸಂಜೆ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದ. ಜೊತೆಗೆ ಕೆಲಸ ಮಾಡುವ ಸೋಮಶೇಖರ ರಿಕ್ಷಾದಲ್ಲಿ ಗೋಕಾಕಕ್ಕೆ ಒಯ್ದ. ಡಾಕ್ಟರು ರಿಕ್ಷಾದ ಬಳಿಯೇ ನಾಡಿ ನೋಡಿ, ಜೀವ ಹೋಗಿದೆ, ಮನೆಗೆ ಒಯ್ಯಿರಿ ಎಂದರು.

ಬೆಳಿಗ್ಗೆ ಸೋಮಶೇಖರ ಮೂಡಲಗಿಗೆ ಫೋನು ಮಾಡಿ ಕಸ್ತೂರಿಗೆ ಸುದ್ದಿ ಹೇಳಿದ್ದ. ಹಿಂದೊಮ್ಮೆ ಅವಳಿಗೂ ಯಲ್ಲಾಲಿಂಗನಿಗೂ ಮದುವೆಯ ಮಾತಾಗಿತ್ತು, ತಿಳಿಸದಿದ್ದರೆ ತಪ್ಪಾದೀತೆಂದು ಅಷ್ಟೆ. ಬಸ್ಸಿನಲ್ಲಿ ಅವಳು ಅಳುತ್ತ ಕೂತಿದ್ದಳು. ಅರ್ಧ ದಾರಿಯಲ್ಲಿ, ಈಗ ಗಂಡಸರು ಸೇರಿ ಅವನ ಮೈ ತೊಳೆಯುತ್ತಾರೆ ಎಂಬುದು ಹೊಳೆದದ್ದೇ ಅಳು ನಿಂತುಹೋಯಿತು.

ಮುರಿಗೆಪ್ಪ ಕಟ್ಟೆಯಿಂದ ಎದ್ದು ಬಂದ. ಮಿಲ್ಲಿನಲ್ಲಿ ದುಡಿದು ನಿವೃತ್ತನಾದ ಹಿರಿಯ. ಓಣಿಯಲ್ಲಿ ಸಾವಾಗಲಿ ಮದುವೆಯಾಗಲಿ, ಮೊದಲ ಮಾತು ಅವನದೇ.

"ನೀ ಬಿಟ್ಟ ಹೋಗಿ ಎರಡ ವರ್ಷ ಆತಲ್ಲ ತಂಗಿ," ಎಂದ. "ಈಗ ಬಂದ ನೀರ ತಡಿಯಾಕ ನಿಂದೇನ ಅಧಿಕಾರ?"

* * *

ಎರಡು ವರ್ಷದ ಹಿಂದೆ, ತೂಗುಸೇತುವೆಯ ಈಚೆಯ ಬಂಡೆಯ ಮೇಲೆ ಕೂತು ಯಲ್ಲಾಲಿಂಗ ಅದನ್ನು ಹೇಳಿದ್ದ. ಬೇಸಿಗೆ. ನೀರು ಧುಮುಕುವ ಅಷ್ಟು ದೊಡ್ಡ ಧಬಧಬೆ ಬತ್ತಿ, ಬರಿಯ ಬಂಡೆ ಉಳಿದಿತ್ತು. ಆಗ ಕಸ್ತೂರಿಯ ಅಪ್ಪ ಇನ್ನೂ ಮಿಲ್ಲಿನಲ್ಲಿದ್ದ, ಮನೆ ಇಲ್ಲೇ ಇತ್ತು. ಮೂರು ವರ್ಷದ ಸ್ನೇಹ ಅವರದು. ಅಪ್ಪ ಒಪ್ಪಿದ್ದಾನೆ, ಹಿರಿಯರನ್ನು ಕರೆದುಕೊಂಡು ಕೇಳಲು ಬಾ ಎಂದು ಅವಳು ಕುಣಿಯುತ್ತ ಬಂದು ಹೇಳಿದ ದಿನ ಅದು. ಅವನು ಮೊದಲು ನಕ್ಕ. ಆಮೇಲೆ ಕೈಬೆರಳು ಉಜ್ಜಿಕೊಳ್ಳತೊಡಗಿದ.

"ಹುಟ್ಟಿದಾಗ ನನ್ನ ಹೆಣ್ಣಂತ ಬರಕೊಂಡ್ರು, ಹೆಣ್ಣಂತ ಬೆಳಸಿದ್ರು," ಎಂದ. "ನಾ ಮಾತ್ರ ಒಂದ ದಿನಾನೂ ಹೆಣ್ಣಾಗಿರಲಿಲ್ಲ, ಕಸ್ತೂರಿ."

ಒಮ್ಮೆ ಬಾಯಿ ಬಿಟ್ಟವನು ಎಲ್ಲವನ್ನೂ ಹೇಳಿದ. ಮನೆಯವರು ಗಂಡು ಗೊತ್ತು ಮಾಡಿದಾಗ ಊರು ಬಿಟ್ಟದ್ದು, ಬೆಳಗಾವಿಯ ಡಾಕ್ಟರ ಬಳಿ ಗಂಡು ಹಾರ್ಮೋನಿನ ಸೂಜಿ ಮಾಡಿಸಿಕೊಳ್ಳುತ್ತ ಬಂದದ್ದು, ದನಿ ಒಡೆದದ್ದು, ಮೀಸೆ ಮೂಡಿದ ವಾರ ಕನ್ನಡಿಯ ಮುಂದಿನಿಂದ ಕದಲದೆ ಇದ್ದದ್ದು. ಆಪರೇಶನ್ ಮಾಡಿಸಿಲ್ಲ, ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಳ್ಳುತ್ತೇನೆ ಎಂದು ನೆಲ ನೋಡುತ್ತ ಹೇಳಿದ.

"ಇದನ್ನ ಹೇಳಾಕ ಮೂರ ವರ್ಷ ಬೇಕಾದುವೇನು?"

"ಮೊದಲ ಹೇಳಿದ್ರ ನೀ ಅದನ್ನಷ್ಟ ನೋಡತಿದ್ದಿ. ನನ್ನ ನೋಡತಿರಲಿಲ್ಲ."

"ಮತ್ತ ಇಷ್ಟ ದಿನಾ ನಾ ನೋಡಿದ್ದ ಯಾರನ್ನ?"

"ನನ್ನ," ಎಂದ ಯಲ್ಲಾಲಿಂಗ.

ಅವಳು ಎದ್ದು ನಡೆದುಬಿಟ್ಟಳು. ಅವನು ಹಿಂದೆ ಬರಲಿಲ್ಲ. ಮೂರು ವರ್ಷ ಮುಚ್ಚಿಟ್ಟನಲ್ಲ ಎಂಬ ಸಿಟ್ಟು ಅವಳಿಗೆ. ಮೊದಲ ದಿನವೇ ಹೇಳಿದ್ದರೆ ತಾನು ಎರಡನೆಯ ದಿನ ಬರುತ್ತಿದ್ದೆನೇ ಎಂದು ಕೇಳಿಕೊಂಡಾಗ ಸಿಟ್ಟು ಇನ್ನೂ ಹೆಚ್ಚಿತು. ಅವನು ಮುಚ್ಚಿಟ್ಟದ್ದೋ, ಮುಚ್ಚಿಟ್ಟ ಸಂಗತಿಯೋ, ತನ್ನನ್ನು ದೂರ ತಳ್ಳಿದ್ದು ಯಾವುದೆಂಬುದು ಅವಳಿಗೆ ಇವತ್ತಿಗೂ ಇತ್ಯರ್ಥವಾಗಿರಲಿಲ್ಲ.

ಆದರೆ ಗುಟ್ಟನ್ನು ಅವಳು ಯಾರ ಮುಂದೆಯೂ ಬಿಡಲಿಲ್ಲ. ತನಗೇ ಮನಸ್ಸಿಲ್ಲ ಎಂದು ಅಪ್ಪನಿಗೆ ಹೇಳಿ ಬೈಸಿಕೊಂಡಳು. ನನ್ನ ಹುಡುಗನ ಬಾಳು ಹಾಳು ಮಾಡಿದೆ ಎಂದು ಶಿವಗಂಗವ್ವ ಬೀದಿಯಲ್ಲಿ ನಿಲ್ಲಿಸಿ ಶಾಪ ಹಾಕಿದಾಗಲೂ ಸುಮ್ಮನೆ ಕೇಳಿದಳು. ಸುಮ್ಮನಿರಲು ಕಾರಣವಿತ್ತು. ಒಮ್ಮೆ ಅಂಗಡಿಯ ಮುಂದೆ ಯಾರೋ ಮೊಬೈಲಿನಲ್ಲಿ ಬಂದ ಸುದ್ದಿ ಓದುತ್ತಿದ್ದರು. ಎಲ್ಲಿಯೋ ಇಂಥವನೇ ಒಬ್ಬ ಮದುವೆಯಾಗಿ ಸಿಕ್ಕಿಬಿದ್ದಿದ್ದ, ಹುಡುಗಿಯ ಕಡೆಯವರು ಬಡಿದಿದ್ದರು. ನಾನಾಗಿದ್ದರೆ ಜೀವಸಹಿತ ಬಿಡುತ್ತಿರಲಿಲ್ಲ ಎಂದಿದ್ದ ಸೋಮಶೇಖರ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಯಲ್ಲಾಲಿಂಗ ನಕ್ಕಿದ್ದ.

* * *

ಮುರಿಗೆಪ್ಪ ಉತ್ತರಕ್ಕೆ ಕಾಯುತ್ತಿದ್ದ. ಅವನನ್ನು ಪಕ್ಕಕ್ಕೆ ಕರೆದು ನಿಜ ಹೇಳಬಹುದಿತ್ತು. ಆದರೆ ಅವನ ಬಾಯಿಂದ ಸೋಮಶೇಖರನಿಗೆ, ಅವನಿಂದ ಅಂಗಳಕ್ಕೆ, ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಅದು ಹರಡಿಬಿಡುತ್ತದೆ. ಅದೇ ಹೊತ್ತಿಗೆ ಗೇಟಿನ ಬಳಿ ಮೋಟಾರ್ ಸೈಕಲ್ ನಿಂತಿತು. ರಾಹುಲ ಇಳಿದ.

ರಾಹುಲ ಹುಕ್ಕೇರಿಯಲ್ಲಿ ಸರಕಾರಿ ಕಚೇರಿಯ ಗುಮಾಸ್ತ. ಹೋದ ತಿಂಗಳು ಅವನಿಗೂ ಕಸ್ತೂರಿಗೂ ನಿಶ್ಚಯವಾಗಿತ್ತು. ಪರಿಚಯದವರ ಮಣ್ಣಿಗೆ ಹೊರಟಿದ್ದೇನೆ ಎಂದು ಅವಳು ಬಸ್ಸಿನಿಂದ ಹೇಳಿದಾಗ, ತಿರುಗಿ ಹೋಗುವಾಗ ನಾನೇ ಬಂದು ಮನೆಗೆ ಮುಟ್ಟಿಸುತ್ತೇನೆ ಎಂದಿದ್ದ. ಹೆಣ್ಣು ನೋಡಲು ಬಂದ ದಿನವೇ, ನಮ್ಮಿಬ್ಬರ ನಡುವೆ ಮುಚ್ಚುಮರೆ ಇರಬಾರದು, ಹಿಂದಿನದೇನಾದರೂ ಇದ್ದರೆ ಹೇಳಿಬಿಡೋಣ ಎಂದು ಕೇಳಿದ್ದ. ಅವಳು ಏನೂ ಇಲ್ಲ ಎಂದಿದ್ದಳು.

ಅವನು ಚಪ್ಪಲಿ ಬಿಟ್ಟು ಜನರ ಹಿಂದೆ ಬಂದು ನಿಲ್ಲುವುದನ್ನು ಕಸ್ತೂರಿ ನೋಡಿದಳು. ನೋಡಿಯೇ ಹೇಳಿದಳು.

"ನಾ ಅವರ ಹೆಂಡತಿ."

ಅವಳು ಅದೇ ದನಿಯಲ್ಲಿ ಮುಂದುವರಿದಳು. ಎರಡು ವರ್ಷದ ಹಿಂದೆ ಗುಡಿಯಲ್ಲಿ ಮದುವೆಯಾಗಿದ್ದೆವು, ಆಮೇಲೆ ಜಗಳಾಡಿ ದೂರಾದೆವು, ಮನೆಯಲ್ಲಿ ಹೇಳಲು ಹೆದರಿದೆವು ಎಂದಳು. ತಾಳಿ ಎಲ್ಲಿ ಎಂದು ಮುರಿಗೆಪ್ಪ ಕೇಳಿದ. ಅಪ್ಪನ ಕಣ್ಣಿಗೆ ಬೀಳದಂತೆ ಎತ್ತಿಟ್ಟಿದ್ದೇನೆ ಎಂದಳು. ಮತ್ತೆ ಕೈಯಲ್ಲಿ ನಿಶ್ಚಯದ ಹಸಿರು ಬಳೆ ಯಾಕಿವೆ ಎಂದು ಹೆಂಗಸೊಬ್ಬಳು ಕೇಳಿದಳು. ಅವಳು ಬಳೆಗಳ ಮೇಲೆ ಸೆರಗು ಎಳೆದುಕೊಂಡಳು. ರಾಹುಲನ ಕಡೆ ನೋಡಲು ಆಗಲಿಲ್ಲ.

"ಗಂಡನ ಮೈ ನಾ ತೊಳಿತೇನಿ," ಎಂದಳು. "ಒಳಗ, ಬಚ್ಚಲದಾಗ. ಗಂಡಸರ್ಯಾರೂ ಬರೂದ ಬ್ಯಾಡ."

ಗಂಡಸಿನ ಮೈಯನ್ನು ಗಂಡಸರು ತೊಳೆಯುವುದು ಪದ್ಧತಿ ಎಂದು ಗೊಣಗಾಟ ಎದ್ದಿತು. ಯಲ್ಲಾಲಿಂಗಣ್ಣನಿಗೆ ಕೊನೆಯ ನೀರು ನಾನು ಹಾಕಬೇಕು ಎಂದು ಸೋಮಶೇಖರ ಹಟ ಹಿಡಿದ. ಅವನ ಕಣ್ಣು ಕೆಂಪಾಗಿದ್ದವು. ಮುರಿಗೆಪ್ಪ ಮೀಸೆಯ ಮೇಲೆ ಕೈಯಾಡಿಸಿದ.

"ಹೆಂಡತಿ ಅಂದ ಮ್ಯಾಲ ಬ್ಯಾಡ ಅನ್ನಾಕ ನಾವ್ಯಾರು," ಎಂದ ಕೊನೆಗೆ. "ಆದ್ರ ಒಬ್ಬಾಕಿ ಕಡೆ ಆಗಂಗಿಲ್ಲ. ಶಿವಗಂಗಾ, ನೀನೂ ಹೋಗು."

* * *

ಸೋಮಶೇಖರನೂ ಮತ್ತೊಬ್ಬನೂ ಸೇರಿ ಯಲ್ಲಾಲಿಂಗನನ್ನು ತಂದು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ನೀರು ತುಂಬಿಟ್ಟು ಹೋದರು. ಕಸ್ತೂರಿ ಬಾಗಿಲ ಅಗಳಿ ಹಾಕಿದಳು. ಶಿವಗಂಗವ್ವ ಅವಳತ್ತ ನೋಡದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಿಯ ಗುಂಡಿಗೆ ಕೈ ಹಾಕಿದಳು.

ಕಸ್ತೂರಿ ಆ ಕೈ ಹಿಡಿದಳು. ಬಿಚ್ಚುವುದಕ್ಕಿಂತ ಮೊದಲು ನಿಮಗೊಂದು ಮಾತು ಹೇಳಬೇಕು ಎಂದಳು. ಮದುವೆಯ ಮಾತು ಸುಳ್ಳು ಎಂಬುದರಿಂದ ಶುರುಮಾಡಿ, ಬಂಡೆಯ ಮೇಲೆ ಕೇಳಿದ್ದೆಲ್ಲವನ್ನೂ ಕೆಳದನಿಯಲ್ಲಿ ಹೇಳಿದಳು.

ಮುದುಕಿ ಬಚ್ಚಲ ಗೋಡೆ ಹಿಡಿದು ಕೂತಳು. ಹೊರಗೆ ಭಜನೆಯವರ ತಾಳ ಕೇಳುತ್ತಿತ್ತು. ಈಗ ಇವಳು ಬಾಯಿ ಬಿಟ್ಟು ಕೂಗಿದರೆ ಎಲ್ಲ ಮುಗಿಯಿತು ಎಂದುಕೊಂಡು ಕಸ್ತೂರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಒಂಬತ್ತ ವರ್ಷ ಉಣಿಸೇನಿ ಈ ಕೈಲೆ," ಎಂದಳು ಶಿವಗಂಗವ್ವ. "ನನಗ ಹೇಳಬಾರದಿತ್ತೇನು?"

"ಹೇಳಿದ್ರ ಉಣಿಸತಿದ್ರೇನ್ರಿ?"

ಮುದುಕಿ ಯಲ್ಲಾಲಿಂಗನ ಮುಖ ನೋಡಿದಳು. ಮೊಣಕಾಲಿಗೆ ಕೈಯೂರಿ ಎದ್ದು, ತಾನೇ ಗುಂಡಿ ಬಿಚ್ಚತೊಡಗಿದಳು.

ಎದೆಗೆ ಸುತ್ತಿದ್ದ ಬಟ್ಟೆಯನ್ನು ಇಬ್ಬರೂ ಸೇರಿ ಬಿಚ್ಚಿದರು. ವರ್ಷಗಟ್ಟಲೆ ಬಿಗಿದಲ್ಲಿ ಚರ್ಮ ಕಪ್ಪಾಗಿ, ಗೆರೆ ಗೆರೆಯಾಗಿ ಗಾಯದಂತೆ ಗಟ್ಟಿಯಾಗಿತ್ತು. ಶಿವಗಂಗವ್ವ ಆ ಗೆರೆಗಳ ಮೇಲೆ ಬೆರಳಿಟ್ಟಳು.

"ಇದರಾಗ ಉಸರ ಹೆಂಗ ಆಡತಿದ್ದ ಇಂವ?"

ಕಸ್ತೂರಿಗೆ ಆಗ ಅಳು ಒತ್ತರಿಸಿ ಬಂತು. ಬಾಯಿಗೆ ಸೆರಗು ತುರುಕಿಕೊಂಡಳು. ಆ ಗೆರೆಗಳನ್ನು ಅವಳೂ ಮೊದಲ ಸಲ ನೋಡುತ್ತಿದ್ದಳು.

ಮೈಗೆ ಸೀಗೆಪುಡಿ ಹಚ್ಚಿ, ತಲೆಯಿಂದ ನೀರು ಹಾಕಿದರು. ಉಗುರಿನ ಸಂದಿಯ ವಾರ್ನಿಷನ್ನು ಮುದುಕಿ ತೆಂಗಿನ ನಾರಿನಿಂದ ತಿಕ್ಕಿ ತೆಗೆದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ವಿಧಿ ಮಾಡಿಸಲು ಅಯ್ಯನವರು ಬಂದು ಕೂತಿದ್ದಾರೆ, ಇಷ್ಟು ತಡವೇಕೆ, ಬೇಕಿದ್ದರೆ ಸೋಮಶೇಖರನನ್ನು ಕಳಿಸುತ್ತೇನೆ ಎಂದು ಮುರಿಗೆಪ್ಪ ಹೊರಗಿನಿಂದ ಕೂಗಿದ. ಅಗಳಿ ಅಲುಗಿತು. ಕಸ್ತೂರಿ ಒದ್ದೆ ಮೈಗೆ ಧೋತರ ಅಡ್ಡ ಹಿಡಿದಳು.

"ಗಂಡಮಗನ ಮೈ, ಭಾರ ಐತಿ," ಎಂದಳು ಶಿವಗಂಗವ್ವ, ದನಿ ಏರಿಸದೆ. "ತಡಾ ಆಗತೈತಿ. ಕಾಯ್ರಿ."

ಹೆಜ್ಜೆ ಸದ್ದು ದೂರವಾಯಿತು. ಮುದುಕಿ ಬಿಚ್ಚಿಟ್ಟ ಬಟ್ಟೆಯನ್ನು ಎತ್ತಿಕೊಂಡು, ಇದನ್ನು ಮತ್ತೆ ಕಟ್ಟಬೇಕೇನು ಎಂದು ಕೇಳಿದಳು. ಅಂಗಳದಲ್ಲಿ ಎಲ್ಲರ ಕಣ್ಣೆದುರು ಕೂರಿಸುತ್ತಾರೆ, ಕಟ್ಟಲೇಬೇಕು ಎಂದಳು ಕಸ್ತೂರಿ.

"ಹಂಗಾದ್ರ ಸಡ್ಲ ಕಟ್ಟು," ಎಂದಳು ಶಿವಗಂಗವ್ವ.

* * *

ಹೊಸ ಅಂಗಿ ತೊಡಿಸಿ, ರುಮಾಲು ಸುತ್ತಿ, ಹಣೆಗೂ ತೋಳಿಗೂ ವಿಭೂತಿ ಬಳಿದು, ಹೆಣ ಹೊರುವ ಬಿದಿರಿನ ವಿಮಾನದಲ್ಲಿ ಕೂರಿಸಿದಾಗ ಯಲ್ಲಾಲಿಂಗ ಮದುಮಗನ ಹಾಗೆ ಕಂಡ. ಸ್ಮಶಾನದ ಕುಣಿಯಲ್ಲಿ ಇಳಿಸಿದ ಮೇಲೆ ಅಯ್ಯನವರು ಎದೆಗೆ ವಿಭೂತಿ ಹಚ್ಚಲೆಂದು ಅಂಗಿಗೆ ಕೈ ಹಾಕಿದರು. ಮನೆಯಲ್ಲೇ ಹಚ್ಚಿದ್ದೇವೆ ಎಂದು ಶಿವಗಂಗವ್ವ ಮೇಲಿನಿಂದ ಹೇಳಿದಳು. ಅಯ್ಯನವರು ಅವಳ ಮುಖ ನೋಡಿ ಕೈ ಹಿಂದೆ ತೆಗೆದುಕೊಂಡರು. ಸೋಮಶೇಖರ ಮೊದಲ ಹಿಡಿ ಮಣ್ಣು ಹಾಕಿ ಕುಣಿಯ ಅಂಚಿನಲ್ಲೇ ಕೂತುಬಿಟ್ಟ. ಇಬ್ಬರು ಹಿಡಿದೆಬ್ಬಿಸಿದರು.

ಹೆಂಗಸರು ಕಸ್ತೂರಿಯನ್ನು ಬೇವಿನ ಮರದ ಕೆಳಗೆ ಕೂರಿಸಿ ಕುಂಕುಮ ಒರೆಸಿದರು. ಹಸಿರು ಬಳೆ ಒಡೆಯಲು ಒಬ್ಬಳು ಕಲ್ಲು ಎತ್ತಿಕೊಂಡಳು. ಕಸ್ತೂರಿ ತಾನೇ ಎರಡೂ ಕೈ ಮುಂದೆ ಚಾಚಿದಳು. ರಾಹುಲ ತುಸು ದೂರದಲ್ಲಿ ನಿಂತು ನೋಡುತ್ತಿದ್ದ. ಆ ಬಳೆ ಇಡಿಸಿದ್ದು ಅವನ ತಾಯಿ.

ಜನ ಕರಗಿದ ಮೇಲೆ ಅವನು ಹತ್ತಿರ ಬಂದ. ಅವನ ಕೈಗೂ ಮಣ್ಣು ಹತ್ತಿತ್ತು. ಬಂದವರೆಲ್ಲ ಹಾಕುವಂತೆ ಅವನೂ ಒಂದು ಹಿಡಿ ಹಾಕಿದ್ದ.

"ಮದಿವಿ ಆಗಿದ್ದ ಖರೆ ಏನು?"

ಒಂದು ಮಾತು ಸಾಕಿತ್ತು. ನಿಜ ಹೇಳಿದರೆ ರಾಹುಲ ನಂಬುತ್ತಿದ್ದ, ಮದುವೆಯೂ ಉಳಿಯುತ್ತಿತ್ತೋ ಏನೋ. ಕಸ್ತೂರಿ ಹೊಸ ಮಣ್ಣಿನ ದಿಬ್ಬದ ಕಡೆ ನೋಡಿದಳು.

"ನಿಮಗ ಹೇಳೋ ಮಾತೊಂದ ಐತ್ರಿ," ಎಂದಳು. "ಆದ್ರ ಅದನ್ನ ಹೇಳೋ ಹಕ್ಕ ನಂದಲ್ಲ."

"ಹಿಂದಿನ ಮಾತ ಅವತ್ತ ಹೇಳಿದ್ರ ನಾ ಸಿಟ್ಟಾಗತಿದ್ದೆ, ಖರೆ," ಎಂದ ರಾಹುಲ. "ಆದ್ರ ಹಿಂಗ ನಾಲ್ಕ ಮಂದ್ಯಾಗ ನಿಂತ ಕೇಳೂದ ತಪ್ಪತಿತ್ತು."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವಳು ಹಾಗೆಂದೇ ಅವನಿಗೆ ಹೇಳಿದಳು. ಮನೆಯಲ್ಲಿ ಏನು ಹೇಳಲಿ ಎಂದು ಅವನು ಕೇಳಿದ, ನೋಡಿದ್ದನ್ನೇ ಹೇಳಿ ಎಂದಳು. ಅವನು ಕೈ ಕೊಡವಿಕೊಂಡು ಗಾಡಿ ಹತ್ತಿದ.

ಮೂರು ಗಂಟೆಯ ಹೊತ್ತಿಗೆ ಸುದ್ದಿ ಹುಕ್ಕೇರಿಯಿಂದ ಮೂಡಲಗಿಗೆ ಮುಟ್ಟಿತು. ಅಪ್ಪನ ಫೋನು ಬಂತು, ನಿಂತಿತು, ಮತ್ತೆ ಬಂತು. ಕಸ್ತೂರಿ ಎತ್ತಲಿಲ್ಲ. ಮುರಿಗೆಪ್ಪನ ಮನೆಯೊಳಗೆ ಓಣಿಯವರು ತಂದ ರೊಟ್ಟಿ ಪಲ್ಯ ಬಡಿಸುತ್ತಿದ್ದರು. ಅವಳು ಅಂಗಳದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಎದ್ದು ಬಸ್ಸಿಗೆ ಹೋದರೂ ಯಾರೂ ತಡೆಯುತ್ತಿರಲಿಲ್ಲ.

ಮಮದಾಪುರದ ಕಡೆಯಿಂದ ರೈತನೊಬ್ಬ ಗಾಡಿಯ ಹಿಂದೆ ಸುಟ್ಟ ಮೋಟಾರು ಕಟ್ಟಿಕೊಂಡು ಬಂದ. ಅಂಗಡಿ ಮುಚ್ಚಿದೆ, ಯಲ್ಲಾಲಿಂಗಣ್ಣ ಮನೆಯಲ್ಲಿದ್ದಾನೇನು ಎಂದು ಗೇಟಿನಿಂದಲೇ ಕೇಳುತ್ತ ಹಗ್ಗ ಬಿಚ್ಚತೊಡಗಿದ. ಅವನಿಗೆ ಏನೂ ಗೊತ್ತಿರಲಿಲ್ಲ.

"ಮಧ್ಯಾಹ್ನ ಮಣ್ಣ ಆತ್ರಿ," ಎಂದಳು ಕಸ್ತೂರಿ. ಸ್ವಲ್ಪ ತಡೆದು ಹೇಳಿದಳು, "ನಾ ಅವರ ಹೆಂಡತಿ."

ಹಗ್ಗದ ಮೇಲೆ ರೈತನ ಕೈ ನಿಂತಿತು. ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ, ಚಪ್ಪಲಿ ಕಳಚಿದ. ಅಂಗಳ ದಾಟಿ ಬಂದು ಅವಳೆದುರು ನೆಲದ ಮೇಲೆ ಕೂತ.